ಮೇಲಿನ ಸುತ್ತು

ಕಾಗದದ ಪಟ್ಟಿಗಳು ಬೇಗ ಬೇಗ ಖಾಲಿಯಾಗತೊಡಗಿದಾಗಲೇ ಅವಳಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತ್ತು.

ಅವಳ ಗಂಡನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿ ಕೆಳಗೆ, ಮನೆ ಮೇಲೆ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್ನು. ಹೊಸ ಬಟ್ಟೆ ಹೊಲಿಯುವವಳಲ್ಲ ಅವಳು; ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಹರಿದದ್ದನ್ನು ಹರಿದಿತ್ತೆಂದು ಗೊತ್ತಾಗದ ಹಾಗೆ ರಫೂ ಮಾಡುವುದು ಅವಳ ಕೆಲಸ. ಗಂಡನಿಗೆ ಅಂಗಡಿ ಹೊಟ್ಟೆಪಾಡಾದರೆ, ಬಾಣಬಿರುಸು ಪ್ರಾಣ. ಊರಾಚೆ ಪಾಳುಬಿದ್ದ ಇಟ್ಟಿಗೆ ಗೂಡಿನ ಪಕ್ಕ ಅವನಂಥ ಹವ್ಯಾಸಿಗಳ ಸಂಘದ ಶೆಡ್ಡಿತ್ತು. ಪರವಾನಗಿ, ಬೀಗ, ಮರಳು ತುಂಬಿದ ಬಕೆಟ್ಟುಗಳು, ಎಲ್ಲವೂ ಕ್ರಮಪ್ರಕಾರ. ಕೊಳವೆಯಿಂದ ಆಕಾಶಕ್ಕೆ ಹಾರಿ ಹೂವಾಗಿ ಅರಳುವ ಗುಂಡುಗಳನ್ನು ಅಲ್ಲಿ ಕೈಯಾರೆ ಮಾಡುತ್ತಿದ್ದರು. ವರ್ಷಕ್ಕೊಂದು ಸಂಜೆ ಬಯಲಿನಲ್ಲಿ ಹಾರಿಸಿ ಊರವರಿಗೆ ತೋರಿಸುತ್ತಿದ್ದರು.

"ನಮ್ಮ ಬಾವ ದಿನಾ ಸಂಜೆ ಗುಂಡು ಹಾಕ್ತಾರೆ. ಆದ್ರೆ ಬಾಯಿ ಮಾತ್ರ ಯಾವತ್ತೂ ವಾಸನೆ ಬರಲ್ಲ" ಎಂದು ಅವಳ ಅಣ್ಣ ಬಂದವರೆದುರೆಲ್ಲ ಹೇಳುತ್ತಿದ್ದ. ಅವನೂ ಅದೇ ಸಂಘದವನು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ಹಾರಿಸುವ ಮೊದಲು ಪ್ರತಿ ಗುಂಡನ್ನೂ ಪರೀಕ್ಷಿಸಿ ಆಗಬಹುದು, ಆಗದು ಎಂದು ಹೇಳುವ ಹೊಣೆ ಅವನದಾಗಿತ್ತು.

ಗುಂಡಿನ ಒಳಗೆ ಏನು ತುಂಬುತ್ತಾರೋ ಅವಳು ಕೇಳಿದವಳಲ್ಲ. ಆದರೆ ಹೊರಗಿನದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎರಡು ಅರ್ಧ ಚಿಪ್ಪುಗಳನ್ನು ಕೂಡಿಸಿ, ಅಂಟಿನಲ್ಲಿ ನೆನೆಸಿದ ಕಂದು ಕಾಗದದ ಪಟ್ಟಿಗಳನ್ನು ಸುತ್ತಿ ಸುತ್ತಿ, ಒಣಗಿಸಿ, ಮತ್ತೆ ಸುತ್ತಿ ಗಟ್ಟಿ ಮಾಡಬೇಕು. ಎಲ್ಲೂ ಗಾಳಿ ನಿಲ್ಲಬಾರದು, ಸುಕ್ಕು ಬರಬಾರದು. ಸುಕ್ಕಿದ್ದಲ್ಲಿ ಸಂದು, ಸಂದಿದ್ದಲ್ಲಿ ಬೆಂಕಿಗೆ ದಾರಿ. ಮೇಲೆ ಹೋಗಿ ಒಡೆಯಬೇಕಾದದ್ದು ನೆಲದಲ್ಲೇ ಒಡೆಯುತ್ತದೆ. ಈ ಸುತ್ತುವ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಸುತ್ತಿದ ಗುಂಡಿನ ಮೇಲೆ ಬೆರಳಾಡಿಸಿದರೆ ಒಂದು ಪಟ್ಟಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅದಕ್ಕೇ ಸಂಘದಲ್ಲಿ ಎಲ್ಲರೂ ಅವನನ್ನು ಮಾಸ್ತರ್ ಎನ್ನುತ್ತಿದ್ದರು.

ಪಟ್ಟಿ ಕತ್ತರಿಸಿಕೊಡುವುದು ಮದುವೆಯಾದಾಗಿನಿಂದ ಅವಳ ಕೆಲಸ. ಇಷ್ಟು ಗುಂಡಿಗೆ ಇಷ್ಟು ಕಂತೆ ಎಂಬ ಲೆಕ್ಕ ಅವಳ ಕೈಗೇ ಗೊತ್ತಿತ್ತು. ಆ ವರ್ಷ ಅವನು ಮತ್ತೆ ಮತ್ತೆ ಕೇಳಿದ.

"ಇನ್ನೊಂದಿಷ್ಟು ಕತ್ತರಿಸ್ಕೊಡು."

"ಮೊನ್ನೆ ಕೊಟ್ಟಿದ್ದೆಲ್ಲಾ ಏನಾಯ್ತು ರೀ?"

"ಕಾಗದ ಸರಿಯಿಲ್ಲ. ಹರೀತಾ ಇದೆ."

ಕಾಗದ ಎಂದಿನದೇ ಆಗಿತ್ತು. ಅದೇ ಅಂಗಡಿಯದು, ಅದೇ ಸುರುಳಿ.

ಆಮೇಲೆ ಅವನು ಗುಂಡುಗಳನ್ನು ಮನೆಗೇ ತಂದ. ಶೆಡ್ಡಿನಲ್ಲಿ ಥಂಡಿ, ಪಟ್ಟಿ ಒಣಗುತ್ತಿಲ್ಲ ಎಂದ. ತುಂಬಿದ ಗುಂಡು ಶೆಡ್ಡು ಬಿಟ್ಟು ಆಚೆ ಹೋಗಬಾರದೆಂಬುದು ಸಂಘದ ಮೊದಲ ನಿಯಮ; ಅದನ್ನು ಬರೆದು, ಕಟ್ಟು ಹಾಕಿ ಶೆಡ್ಡಿನ ಗೋಡೆಗೆ ತೂಗುಹಾಕಿದವನೂ ಅವನೇ. ಈಗ ಮಗಳು ಮದುವೆಯಾಗಿ ಹೋದಮೇಲೆ ಖಾಲಿ ಬಿದ್ದಿದ್ದ ಹಿಂದಿನ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆ ಇಳಿಸಿದ. ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಜೇಬಿಗೆ ಸೇರಿಸಿದ. ಅಡುಗೆಮನೆಗೂ ಆ ಕೋಣೆಗೂ ನಡುವೆ ಒಂದೇ ಗೋಡೆ. ಅವಳು ಒಲೆ ಹಚ್ಚುವಾಗಲೆಲ್ಲ ಆ ಗೋಡೆಯ ಕಡೆ ಒಮ್ಮೆ ನೋಡುತ್ತಿದ್ದಳು.

ಅಂಗಡಿಯಲ್ಲೂ ಎಲ್ಲ ಸರಿಯಿರಲಿಲ್ಲ. ಗಾಜು ಅಡ್ಡಾದಿಡ್ಡಿ ಕತ್ತರಿಸಿ ಹೋಗುತ್ತಿತ್ತು. "ವಜ್ರದ ಮೊನೆ ಮೊಂಡಾಗಿದೆ" ಎನ್ನುತ್ತಿದ್ದ. ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ. ಅಂಗಿಯ ಮೇಲಿನ ಗುಂಡಿ ಹಾಕುವುದನ್ನೇ ಬಿಟ್ಟ. "ಸೆಖೆ" ಎಂದ. ನಾಲ್ಕು ಜನರ ಮುಂದೆ ನಿಂತರೆ ಕೈಗಳೆರಡೂ ಕಂಕುಳಿಗೆ ಹೋಗುತ್ತಿದ್ದವು.

ಒಂದು ದಿನ ಕೆಳಗೆ ಗಿರಾಕಿ ಬಂದು ಕೂಗಿದ. ಅವನು ಹಿಂದಿನ ಕೋಣೆಯಿಂದ ಅವಸರದಲ್ಲಿ ಇಳಿದು ಹೋದ. ಬಾಗಿಲು ಹಾಗೇ ತೆರೆದಿತ್ತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಒಳಗೆ ಹೋದಳು.

ಮೇಜಿನ ಕೆಳಗೆ ಹಸಿ ಕಾಗದದ ಮುದ್ದೆಗಳು ರಾಶಿ ಬಿದ್ದಿದ್ದವು. ಅವಳು ಕತ್ತರಿಸಿಕೊಟ್ಟ ಪಟ್ಟಿಗಳೇ, ಹಿಂಡಿ ಹಿಂಡಿ ಎಸೆದವು. ಮೇಜಿನ ಮೇಲೆ ಅರ್ಧ ಸುತ್ತಿದ ಗುಂಡೊಂದಿತ್ತು. ಕಾಗದ ಎಲ್ಲೆಂದರಲ್ಲಿ ಮುದುರಿ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಚಿಪ್ಪು ಕೂಡುವ ಜಾಗದಲ್ಲಿ ಪಟ್ಟಿ ವಾರೆಯಾಗಿ, ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಅದಕ್ಕೆ ಅಂಟು ಮೆತ್ತಿ ಮುಚ್ಚಿದ್ದ. ಪಕ್ಕದ ಬಲೆಯ ಮೇಲೆ ಮುಗಿದವು ಸಾಲಾಗಿ ಒಣಗುತ್ತಿದ್ದವು. ಅವುಗಳ ಮೇಲೆ ತೆಳ್ಳನೆಯ ಕೊನೆಯ ಕಾಗದ ಬಂದಿತ್ತು. ಅದೂ ಅಷ್ಟಕ್ಕಷ್ಟೆ. ಆದರೆ ಒಳಗಿನದು ಇನ್ನು ಯಾರಿಗೂ ಕಾಣುವಂತಿರಲಿಲ್ಲ.

ಅವಳು ಏನನ್ನೂ ಮುಟ್ಟದೆ ಹೊರಬಂದಳು. ಬಟ್ಟೆಗೆ ಚುಚ್ಚಿಟ್ಟಿದ್ದ ಸೂಜಿಯನ್ನು ಆ ದಿನ ಮತ್ತೆ ತೆಗೆಯಲಿಲ್ಲ.

ಮಾರನೆಯ ಬೆಳಿಗ್ಗೆ ಅಣ್ಣನ ಅಂಗಡಿಗೆ ಹೋದಳು. ಅವನು ಯಾರದೋ ಕನ್ನಡಕದ ಸ್ಕ್ರೂ ಬಿಗಿಮಾಡುತ್ತಿದ್ದ. ಅವಳು ಕಂಡದ್ದನ್ನೆಲ್ಲ ಹೇಳಿದಳು. ಗುಂಡು ಮನೆಯಲ್ಲಿದೆ ಎಂದಾಗ ಅವನ ಕೈ ಒಂದು ಗಳಿಗೆ ನಿಂತಿತು.

"ಮನೇಲಾ? ನನಗೆ ಶೆಡ್ಡಲ್ಲಿದೆ ಅಂದಿದ್ರು."

"ಅಣ್ಣಾ, ಅವರ ಕೈ ನಡುಗ್ತಾ ಇದೆ. ಹೇಳ್ಕೊಳ್ತಾ ಇಲ್ಲ. ನೀನೇ ಏನಾದ್ರೂ ಮಾಡು. ಈ ವರ್ಷದ್ದು ಬೇಡ ಅನ್ನು."

"ಬೇಡ ಅನ್ನೋಕೆ ಅದೇನು ನನ್ನ ಸ್ವಂತದ್ದಾ? ಊರಿಗೆಲ್ಲಾ ಹೇಳಿಯಾಗಿದೆ." ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದ. "ವಯಸ್ಸಾದ ಮೇಲೆ ಯಾರ ಕೈ ನಡುಗಲ್ಲ ಹೇಳು. ಬಾವನ ಕೈ ನಡುಗಿದ್ರೂ ಬೇರೆಯವರದ್ದಕ್ಕಿಂತ ವಾಸಿ."

"ನೀನು ಬಂದು ನೋಡು. ನಾನು ಹೇಳಿದ್ದು ಅಂತ ಮಾತ್ರ ಗೊತ್ತಾಗೋದು ಬೇಡ."

"ಬರ್ತೀನಿ ಬಿಡು. ಭಾನುವಾರ ಬರ್ತೀನಿ."

ಅಲ್ಲಿಯವರೆಗೆ ಕಾಯಲು ಅವಳಿಂದಾಗಲಿಲ್ಲ. ಅಂದೇ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಬಿಟ್ಟಳು.

"ಈ ಸಲ ನಾನು ಸುತ್ತಿಕೊಡ್ಲಾ?"

ಅವನು ತಲೆ ಎತ್ತಲಿಲ್ಲ. "ಯಾಕೆ?"

"ಸುಮ್ನೆ. ನಿಮಗೂ ಸ್ವಲ್ಪ ಹಗುರ ಆಗುತ್ತೆ ಅಂತ."

"ನನ್ನ ಕೈಗೆ ಏನಾಗಿದೆ?"

"ನಾನೇನು ಕೈ ಅಂದ್ನಾ?"

ಅವನು ಎದ್ದು ಹೋದ. ಎರಡು ದಿನ ಮಾತಿಲ್ಲ ಕತೆಯಿಲ್ಲ. ಮನೆಯಲ್ಲಿ ಅಂಟು ಬೇಯುವ ವಾಸನೆ ಮಾತ್ರ. ಮೂರನೆಯ ದಿನ ಅವನು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಅವಳ ಮಿಷನ್ನಿನ ಕಡೆ ನೋಡಿದ.

"ಬಾ ಇಲ್ಲಿ. ಮೇಲಿನ ಸುತ್ತು ನೀನೇ ಹಾಕು."

ಅವಳಿಗೆ ಆ ಕ್ಷಣ ಆದ ಸಂತೋಷ ಆಮೇಲೆ ನೆನೆದರೆ ಮೈ ಮುದುರಿಕೊಳ್ಳುವಂಥದ್ದು. ಇಷ್ಟು ವರ್ಷ ಪಟ್ಟಿ ಕತ್ತರಿಸಿದ್ದಳೇ ಹೊರತು ಸುತ್ತಲು ಅವನು ಅವಳಿಗೆ ಬಿಟ್ಟಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಮೊದಲ ಗುಂಡನ್ನು ಕೈಗೆತ್ತಿಕೊಂಡಾಗ ಕಾಗದದಡಿಯ ಉಬ್ಬುತಗ್ಗು ಅಂಗೈಗೆ ತಾಗಿತು.

"ರೀ, ಒಳಗಿಂದು ಬಿಚ್ಚಿ ಮತ್ತೆ ಸುತ್ತೋಣ್ವಾ? ನಾನು ನಿಧಾನಕ್ಕೆ..."

"ಒಳಗಿಂದು ನಾನು ನೋಡ್ಕೊಂಡಿದೀನಿ. ನೀನು ಮೇಲಿಂದು ನೋಡು."

ಅವಳು ಮೇಲಿನದನ್ನು ನೋಡಿದಳು. ಹರಿದದ್ದನ್ನು ಹರಿದಿತ್ತೆಂದು ಗೊತ್ತಾಗದ ಹಾಗೆ ಮಾಡುವ ಕೈ ಅದು. ತಗ್ಗಿದ್ದಲ್ಲಿ ತುಂಬಿ, ಉಬ್ಬಿದ್ದಲ್ಲಿ ಒತ್ತಿ, ಕಾಗದವನ್ನು ಚರ್ಮದಂತೆ ಎಳೆದು ಕೂರಿಸಿದಳು. ಅವನು ಕಿಟಕಿಯ ಬಳಿ ನಿಂತು ನೋಡುತ್ತಿದ್ದ. ಒಮ್ಮೆ, "ನಿನ್ನ ಕೈ ಚೆನ್ನಾಗಿದೆ" ಎಂದ. ಅವರಿಬ್ಬರು ಹಾಗೆ ಜೊತೆಯಲ್ಲಿ ಕೂತು ಬಹಳ ಕಾಲವಾಗಿತ್ತು. ಅವಳು ಮತ್ತೆ ಏನೂ ಕೇಳಲಿಲ್ಲ.

ಭಾನುವಾರ ಅಣ್ಣ ಬಂದ. ಏನೂ ಗೊತ್ತಿಲ್ಲದವನ ಹಾಗೆ ನಗುತ್ತಲೇ ಮೆಟ್ಟಿಲು ಹತ್ತಿ, ಅಂಟಿನ ವಾಸನೆಗೆ ಮೂಗರಳಿಸಿದ.

"ಏನ್ ಬಾವ, ಮನೇನೇ ಕಾರ್ಖಾನೆ ಮಾಡಿದೀರಲ್ಲ! ನಮ್ಮ ತಂಗೀನ ಗಗನಯಾತ್ರಿ ಮಾಡೋ ಪ್ಲಾನಾ?"

"ನಿಮ್ಮ ತಂಗಿ ಹೋಗ್ತೀನಂದ್ರೂ ಆಕಾಶ ಸೇರಿಸ್ಕೊಳ್ಳಲ್ಲ ಬಾವ. ಅಲ್ಲೂ ಹೋಗಿ ಮೋಡಕ್ಕೆ ಮಡಿಕೆ ಹಾಕ್ತಾಳೆ."

ಮೂವರೂ ನಕ್ಕರು. ಅವಳ ನಗು ಉಳಿದಿಬ್ಬರದಕ್ಕಿಂತ ಮೊದಲೇ ಮುಗಿಯಿತು. ಗಂಡ ಒಣಗಿದ ಗುಂಡೊಂದನ್ನು ತಂದು ಅಣ್ಣನ ಕೈಗಿಟ್ಟ. ಅಣ್ಣ ಅದನ್ನು ತಿರುಗಿಸಿದ, ಕಣ್ಣಿನ ಹತ್ತಿರ ತಂದ, ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟ. ಇನ್ನೊಂದು ಕಡೆ ತಟ್ಟಿದ. ಅಲ್ಲಿ ಸದ್ದು ಸ್ವಲ್ಪ ಬೇರೆಯಾಗಿತ್ತು. ಅವಳಿಗೆ ಕೇಳಿಸಿತು. ಅಣ್ಣನ ಹುಬ್ಬೂ ಅಲುಗಿತು. ಅವನು ತಲೆಯೆತ್ತಿ ಬಾವನ ಮುಖ ನೋಡಿದ. ಬಾವ ಪರೀಕ್ಷೆಯ ಫಲಿತಾಂಶಕ್ಕೆ ಕಾದವನ ಹಾಗೆ, ಕಂಕುಳಲ್ಲಿ ಕೈಯಿಟ್ಟುಕೊಂಡು ನಿಂತಿದ್ದ.

"ಕಲ್ಲು ಬಾವ, ಕಲ್ಲು!" ಎಂದ ಅಣ್ಣ. "ಆದ್ರೆ ಇವತ್ತೇ ಶೆಡ್ಡಿಗೆ ಸಾಗಿಸಿ. ಯಾರಾದ್ರೂ ನೋಡಿದ್ರೆ ನನ್ನ ಮರ್ಯಾದೆ ಹೋಗುತ್ತೆ."

ಅವನನ್ನು ಬೀಳ್ಕೊಡಲು ಅವಳು ಮೆಟ್ಟಿಲಿಳಿದಳು. "ನೋಡಿದ್ಯಾ?" ಎಂದು ಅಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ. "ಎಷ್ಟು ನುಣ್ಣಗಿದೆ! ಸುಮ್ಸುಮ್ನೆ ಹೆದರ್ತೀಯ." ಅವಳ ಮುಖ ನೋಡದೆ ಚಪ್ಪಲಿಯನ್ನೇ ನೋಡುತ್ತಿದ್ದ. ಆ ನುಣುಪು ನನ್ನದು ಅಣ್ಣಾ ಎಂದು ಅವಳು ಹೇಳಬೇಕಾಗಿತ್ತು. ಅಷ್ಟರಲ್ಲಿ ಅವನು ರಸ್ತೆಗೆ ಇಳಿದಿದ್ದ.

ಬಾಣಬಿರುಸಿನ ಸಂಜೆ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಹಗ್ಗ ಕಟ್ಟಿ ಜನರನ್ನು ಬಹಳ ದೂರಕ್ಕೆ ನಿಲ್ಲಿಸಿದ್ದರು. ಆಚೆ, ಮಣ್ಣಿನ ದಿಬ್ಬದ ಮುಂದೆ ಕೊಳವೆಗಳ ಸಾಲು. ಅವನ್ನು ನೆಟ್ಟಿದ್ದವನು ಸಂಘದ ಪ್ಲಂಬರ್. ಊರ ನಲ್ಲಿ, ತೊಟ್ಟಿ, ಮೋರಿಗಳನ್ನೆಲ್ಲ ರಿಪೇರಿ ಮಾಡುವ, ಮಾತು ಕಡಿಮೆಯ ಮನುಷ್ಯ. ಒಂದೊಂದು ಕೊಳವೆಗೂ ತೋಳು ಇಳಿಬಿಟ್ಟು, ಒಳಗೆ ಕೈಯಾಡಿಸಿ ನೋಡಿ, ಹಗ್ಗದ ಈಚೆ ಬಂದು ನಿಂತ. ಅವಳ ಗಂಡ ಸಾಲಿನ ಬಳಿ ಉದ್ದನೆಯ ಪಂಜು ಹಿಡಿದಿದ್ದ. ಯಾವಾಗಲೂ ಬತ್ತಿಗೆ ಬೆಂಕಿ ಮುಟ್ಟಿಸುವವನು ಅವನೇ. ಬೆಳಕು ಕುಂದುತ್ತಿತ್ತು. ಪಂಜಿನ ತುದಿಯ ಕೆಂಡ ಒಂದು ಕಡೆ ನಿಲ್ಲದೆ ಗಾಳಿಯಲ್ಲಿ ಸಣ್ಣ ಸಣ್ಣ ವೃತ್ತ ಬರೆಯುತ್ತಿರುವುದು ಅವಳಿಗೆ ಅಷ್ಟು ದೂರಕ್ಕೂ ಕಾಣುತ್ತಿತ್ತು.

ಅವನು ಪಕ್ಕದಲ್ಲಿ ನಿಂತಿದ್ದ ಅವಳ ಅಣ್ಣನ ಕಿವಿಯಲ್ಲಿ ಏನೋ ಹೇಳಿದ. ಅಣ್ಣ ಬೆನ್ನು ತಟ್ಟಿ ನಕ್ಕ. ಪಂಜು ಕೈ ಬದಲಾಯಿತು. ಅವಳ ಗಂಡ ಹಿಂದೆ ಸರಿದು ದಿಬ್ಬದ ಪಕ್ಕ ಹೋಗಿ ನಿಂತ.

ಅವಳ ಕಾಲು ತಾನಾಗಿ ಹಗ್ಗದವರೆಗೆ ಹೋಯಿತು. ಕೂಗಬೇಕು ಎಂದುಕೊಂಡಳು. ಏನೆಂದು ಕೂಗುವುದು? ಇಷ್ಟು ಜನರ ಮುಂದೆ, ನನ್ನ ಗಂಡನ ಕೈ ನಡುಗುತ್ತದೆ ಎಂದೇ? ಅಷ್ಟರಲ್ಲಿ ಮೊದಲನೆಯದು ಹಾರಿತು. ದಪ್ಪನೆಯ ಸದ್ದು, ಮೇಲೆ ಮೇಲೆ ಹೋಗುವ ಒಂದು ಕಿಡಿ, ಆಮೇಲೆ ಆಕಾಶದ ತುಂಬ ನೀಲಿ. ಜನ ಹೋ ಎಂದರು. ಎರಡನೆಯದೂ ಹಾರಿತು, ಹೊಂಬಣ್ಣದ ಎಳೆಗಳು ನಿಧಾನವಾಗಿ ಕೆಳಗಿಳಿದು ನೆಲ ಮುಟ್ಟುವ ಮೊದಲೇ ಆರಿದವು. ಅವಳ ಉಸಿರು ಸಡಿಲವಾಯಿತು. ನಾನೇ ತಪ್ಪು ತಿಳಿದೆ, ಹುಚ್ಚಿ ನಾನು ಎಂದುಕೊಂಡಳು. ಕಣ್ಣಲ್ಲಿ ನೀರೂ ಬಂತು. ಹಗ್ಗ ಬಿಟ್ಟು ಹಿಂದೆ ಸರಿದಳು.

ಮೂರನೆಯದು ಕೊಳವೆ ಬಿಟ್ಟು ಏಳಲಿಲ್ಲ.

ಬೆಳಕು ಮೇಲಕ್ಕೆ ಹೋಗುವ ಬದಲು ನೆಲದುದ್ದಕ್ಕೂ ಹರಡಿತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಹೊಗೆ ಬಿಳಿಯ ಗೋಡೆಯಂತೆ ನಿಂತುಬಿಟ್ಟಿತು. ಅದರೊಳಗೆ ನೀಲಿ ಕಿಡಿಗಳು ಹಾದಿ ತಪ್ಪಿದ ಹಾಗೆ ಓಡಾಡುತ್ತಿದ್ದವು. ಹೊಗೆಯ ಆಚೆಯಿಂದ ಯಾರೋ "ಬಾವಾ, ಬಾವಾ" ಎಂದು ಕೂಗುತ್ತಿದ್ದರು. ಕೂಗುತ್ತಿದ್ದವನು ಅಣ್ಣನೋ ಗಂಡನೋ ಅವಳಿಗೆ ತಿಳಿಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಕರೆಯುತ್ತಿದ್ದದ್ದು ಅದೇ ಮಾತಿನಿಂದ.

ಅಣ್ಣನ ಜೀವ ಉಳಿಯಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ವಿಚಾರಣೆಗೆ ಬಂದ ಅಧಿಕಾರಿ ಆಸ್ಪತ್ರೆಯ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತಾಗ ಅವಳೂ ಅಲ್ಲೇ ಇದ್ದಳು. ಗುಂಡನ್ನು ನೀವು ಪರೀಕ್ಷೆ ಮಾಡಿದ್ದಿರಾ ಎಂದು ಅವರು ಕೇಳಿದರು. "ಮಾಡಿದ್ದೆ. ಗುಂಡು ಸರಿಯಾಗಿತ್ತು" ಎಂದ ಅಣ್ಣ. "ಕೊಳವೆ ಸೀಳಿತ್ತು. ಬೆಂಕಿ ಇಡೋವಾಗ ಕಂಡಿತು. ಅಷ್ಟೊತ್ತಿಗೆ ಬತ್ತಿ ಹತ್ತಿಬಿಟ್ಟಿತ್ತು." ಕೊಳವೆಯ ಚೂರುಗಳು ಬಯಲೆಲ್ಲ ಚೆಲ್ಲಿಹೋಗಿದ್ದವು. ಅದು ಮೊದಲೇ ಸೀಳಿತ್ತೋ ಆಮೇಲೆ ಸೀಳಿತೋ ಹೇಳುವವರು ಯಾರು?

ಅಧಿಕಾರಿ ಹೋದ ಮೇಲೆ ಅವಳು ಮಂಚದ ಅಂಚಿಗೆ ಕೂತಳು.

"ಯಾಕಣ್ಣಾ ಹಾಗಂದೆ?"

"ಇನ್ನೇನು ಅನ್ನಲಿ? ಬಾವನ್ನ ಹಿಡ್ಕೊಟ್ಟು ನಾನು ಕೂತಲ್ಲೇ ಕೂತಿರ್ಲಾ?" ಅವನು ಹೊದಿಕೆಯ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದ. "ನಾನೂ ತಟ್ಟಿ ನೋಡಿದವನೇ ಅಲ್ವಾ. ಸರಿ ಅಂದವನೇ ಅಲ್ವಾ."

"ಆ ಪ್ಲಂಬರ್ ಏನು ಮಾಡಿದ್ದ?"

"ಅವನಿಗೆ ಹತ್ತು ಮನೆ ಕೆಲಸ ಇದೆ. ನಲ್ಲಿ ರಿಪೇರಿ ಮಾಡ್ಕೊಂಡು ಬದುಕ್ತಾನೆ ಬಿಡು."

ಅವನು ಬದುಕಲಿಲ್ಲ ಎನ್ನುವ ಹಾಗಿಲ್ಲ. ಆದರೆ ಜನ ಅವನನ್ನು ಕರೆಯುವುದನ್ನು ನಿಲ್ಲಿಸಿದರು. ಅವನ ಕೊಳವೆ ಒಬ್ಬನ ಕಾಲು ತಿಂದಿದೆ, ನಮ್ಮ ತೊಟ್ಟಿ ಒಡೆದರೆ ಏನು ಗತಿ ಎಂದು ಆಡಿಕೊಂಡರು. ಒಂದು ದಿನ ಅವನು ಕಟ್ಟಿನ ಅಂಗಡಿಗೆ ಬಂದ. ಅವಳು ಮೆಟ್ಟಿಲ ಮೇಲೆ ನಿಂತಿದ್ದಳು.

"ಮಾಸ್ತರೇ, ನೀವು ಅಲ್ಲೇ ಇದ್ರಿ. ನಿಮಗೂ ಕಂಡಿತಾ ಆ ಸೀಳು? ನಾನು ಎಲ್ಲದರೊಳಗೂ ಕೈಯಾಡಿಸಿ ನೋಡಿದ್ದೆ. ನಿದ್ದೆ ಬರ್ತಾ ಇಲ್ಲ ನಂಗೆ. ಬೆರಳಿಗೆ ಸಿಗದೇ ಇರೋ ಸೀಳು ಯಾವ್ದು ಅಂತ ಯೋಚನೆ ಮಾಡ್ತಾ ಕೂತಿರ್ತೀನಿ."

ಅವಳ ಗಂಡ ಒಂದು ಚೌಕಟ್ಟನ್ನು ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಆ ಮಬ್ಬಲ್ಲಿ ಯಾರಿಗೆ ಏನು ಕಾಣುತ್ತಪ್ಪಾ" ಎಂದ.

ಪ್ಲಂಬರ್ ತಲೆಯಾಡಿಸಿ ಹೊರಟುಹೋದ. ಆ ರಾತ್ರಿ ಗಂಡ ಹೆಂಡತಿ ಅಡುಗೆಮನೆಯಲ್ಲಿ ಎದುರುಬದುರು ಕೂತು ಉಂಡರು. ಒಬ್ಬರಿಗೊಬ್ಬರು ಬಡಿಸಿದರು. ಒಂದು ತುತ್ತೂ ರುಚಿ ಹತ್ತಲಿಲ್ಲ.

ಮತ್ತೆ ಬಯಲಿನ ಸಂಜೆಯ ಮಾತು ಬಂದದ್ದು ಚಳಿಗಾಲ ಕಳೆದ ಮೇಲೆ. ಸಂಘದ ಅಧ್ಯಕ್ಷರು ಇನ್ನಿಬ್ಬರನ್ನು ಕರೆದುಕೊಂಡು ಮನೆಗೆ ಬಂದರು. ಒಳ್ಳೆಯ ಮನುಷ್ಯ, ದೊಡ್ಡ ದನಿ. ಅವಳ ಗಂಡನ ಕಾಲ ಬಳಿ ಒಂದು ತೆರೆದ ರಟ್ಟಿನ ಪೆಟ್ಟಿಗೆ ಇಟ್ಟರು. ಅದರಲ್ಲಿ ಹೊಸ ಚಿಪ್ಪುಗಳಿದ್ದವು, ಖಾಲಿ.

"ಮಾಸ್ತರೇ, ಆಗಿದ್ದು ಆಗೋಯ್ತು. ನಿಮ್ಮ ಕೆಲಸದಲ್ಲಿ ಲೋಪ ಇರಲಿಲ್ಲ ಅಂತ ರಿಪೋರ್ಟೇ ಬಂದಿದೆ. ಪರವಾನಗೀನೂ ವಾಪಸ್ ಕೊಟ್ರು. ಆ ಪ್ಲಂಬರನ್ನ ಸಂಘದಿಂದ ತೆಗೆದಿದೀವಿ. ಈ ಸಲ ಕೊಳವೆ ಹೊರಗಿಂದ ತರಿಸ್ತೀವಿ. ಸುತ್ತೋದು ಮಾತ್ರ ನಿಮ್ಮ ಕೈಯೇ ಆಗ್ಬೇಕು."

ಅವಳು ಒಳಗೆ ಚಹಾ ಸೋಸುತ್ತಿದ್ದಳು. ಗಂಡ ಏನು ಹೇಳುತ್ತಾನೆಂದು ಕೇಳಲು ಕೈ ತಡೆದು ನಿಂತಳು. ಅವನ ದನಿ ಬಂತು.

"ಆಗಲಿ."

ಅವಳು ನಾಲ್ಕು ಲೋಟಗಳನ್ನು ತಟ್ಟೆಯಲ್ಲಿಟ್ಟಳು. ಮೂರನ್ನು ಮಾಮೂಲಿನಂತೆ ತುಂಬಿದಳು. ನಾಲ್ಕನೆಯದನ್ನು ಅಂಚಿಗೆ ಸಮನಾಗಿ ತುಂಬಿದಳು, ಇನ್ನೊಂದು ಹನಿ ಬಿದ್ದರೆ ಚೆಲ್ಲುವ ಹಾಗೆ. ಹೊರಗೆ ಬಂದು ಎಲ್ಲರಿಗೂ ಕೊಟ್ಟು, ಕೊನೆಯದನ್ನು ಗಂಡನ ಮುಂದಿಟ್ಟು ಅಲ್ಲೇ ನಿಂತಳು.

ಅವರು ಮೂವರೂ ಲೋಟ ಎತ್ತಿದರು. ಅವನು ಎತ್ತಲಿಲ್ಲ.

"ತಗೊಳ್ಳಿ ಮಾಸ್ತರೇ, ಆರಿಹೋಗುತ್ತೆ" ಎಂದರು ಅಧ್ಯಕ್ಷರು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ಕೀಳಲಿಲ್ಲ. ತಟ್ಟೆಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಕೆಳಗೆ ರಸ್ತೆಯಲ್ಲಿ ಗಾಡಿಯೊಂದು ಹಾದುಹೋಯಿತು.

ಅವನು ಕೈ ಚಾಚಿದ. ಲೋಟ ಮೇಜು ಬಿಡುವ ಮೊದಲೇ ಅಂಚು ಮೀರಿತು. ಎತ್ತಿದಂತೆಲ್ಲ ಬೆರಳ ಮೇಲೆ, ಮಣಿಕಟ್ಟಿನ ಮೇಲೆ, ತೊಡೆಯ ಮೇಲೆ, ಪೆಟ್ಟಿಗೆಯೊಳಗಿನ ಚಿಪ್ಪುಗಳ ಮೇಲೆ ಚೆಲ್ಲಿತು. ಬಿಸಿಗೆ ಅವನು ಮುಖ ಸಿಂಡರಿಸಲಿಲ್ಲ. ಬಾಯಿಗೆ ತರುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು. ಹಾಗೇ ಕೆಳಗಿಟ್ಟ.

"ನೋಡಿದ್ರಲ್ಲ" ಎಂದ. "ಹೋದ ವರ್ಷಾನೂ ಹೀಗೇ ಇತ್ತು. ಕೊಳವೆ ಸೀಳಿರಲಿಲ್ಲ."

"ಮೇಲಿನ ಸುತ್ತು ನಾನು ಹಾಕಿದ್ದು. ಒಳಗೆ ಹೇಗಿತ್ತು ಅಂತ ಗೊತ್ತಿದ್ದೂ ಹಾಕಿದ್ದು" ಎಂದಳು ಅವಳು.

ಅಧ್ಯಕ್ಷರ ದೊಡ್ಡ ದನಿ ಎಲ್ಲಿ ಹೋಯಿತೋ. "ಈ ಮಾತು ಇಲ್ಲಿಗೇ ಬಿಡೋಣ ಅತ್ತಿಗೆ" ಎಂದರು ಮೆಲ್ಲಗೆ. "ಮತ್ತೆ ಕೆದಕಿದ್ರೆ ಎಲ್ಲರಿಗೂ ತೊಂದರೆ. ನಿಮ್ಮ ಅಣ್ಣನಿಗೂ."

"ಬಿಡೋಕಾಗಲ್ಲ" ಎಂದ ಅವಳ ಗಂಡ.

ಅವರು ಹೋದ ಮೇಲೆ ಅವಳು ಅವನ ಕೈಗೆ ತಣ್ಣೀರು ಹಾಕಿ, ಬೆಂದ ಜಾಗಕ್ಕೆ ಮುಲಾಮು ಹಚ್ಚಿದಳು. ಅವನು ಕೈ ಎಳೆದುಕೊಳ್ಳಲಿಲ್ಲ. "ಮೊದಲೇ ಮಾಡಬಹುದಾಗಿತ್ತು ನೀನು" ಎಂದಷ್ಟೇ ಅಂದ. ಅದು ಬೈಗುಳವೋ ಬೇಡಿಕೆಯೋ ಅವಳಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬಹುದು.

ಮರುದಿನ ಇಬ್ಬರೂ ಪ್ಲಂಬರನ ಮನೆಗೆ ಹೋದರು. ಅವನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಸಿಟ್ಟಾಗಲಿಲ್ಲ, ಅಳಲಿಲ್ಲ. ಪೂರ್ತಿ ಕೇಳಿ, "ಹಂಗಾದ್ರೆ ಸೀಳು ಇರಲಿಲ್ಲ" ಎಂದ. ಒಳಗೆ ಹೋಗಿ ಹೆಂಡತಿಗೆ ಅದನ್ನೇ ಹೇಳಿದ್ದು ಹೊರಗೆ ಕೇಳಿಸಿತು. ಬಾಗಿಲು ಹಾಕಿಕೊಂಡಿತು. ಕೂರಿ ಎಂದು ಯಾರೂ ಹೇಳಲಿಲ್ಲ.

ಅಲ್ಲಿಂದ ಅಧಿಕಾರಿಯ ಕಚೇರಿಗೆ ಹೋದರು. ಇಬ್ಬರೂ ಹೇಳಿಕೆ ಕೊಟ್ಟರು. ಸಂಘ ಮುಚ್ಚಿತು. ಪ್ರಕರಣ ಮತ್ತೆ ತೆರೆಯಿತು. ಸುಳ್ಳು ಹೇಳಿದ್ದಕ್ಕೆ ಅಣ್ಣನಿಗೂ ನೋಟೀಸು ಹೋಯಿತು. ಅವನು ಊರುಗೋಲು ಊರಿಕೊಂಡು ಕಟ್ಟಿನ ಅಂಗಡಿಯ ಮುಂದೆ ಬಂದು ನಿಂತ ದಿನ, ಅವಳು ಮೆಟ್ಟಿಲಿಳಿದು ಓಡಿದಳು.

"ಕಾಲು ಹೋದಾಗ ನಾನು ಯಾರನ್ನೂ ದೂರಲಿಲ್ಲ" ಎಂದ ಅಣ್ಣ, ಅವಳಿಗಲ್ಲ, ಅವಳ ಹಿಂದೆ ನಿಂತಿದ್ದ ಬಾವನಿಗೆ. "ನಿಮ್ಮನ್ನ ಉಳಿಸೋಕೆ ಒಂದು ಮಾತು ಹೇಳಿದ್ದೆ. ಅದನ್ನೂ ಇಟ್ಕೊಳ್ಳೋಕೆ ಬಿಡಲಿಲ್ಲ ನೀವು."

ಅವಳು ತೋಳು ಹಿಡಿಯಲು ಹೋದಳು. ಅವನು ಬಿಡಿಸಿಕೊಂಡು, ರಸ್ತೆಯ ಅಂಚಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಹೋದ. ಅವನ ಹಿಂದೆ ಹೋಗಬೇಕೋ ಗಂಡನ ಪಕ್ಕ ನಿಲ್ಲಬೇಕೋ ತಿಳಿಯದೆ ಅವಳು ಅಂಗಡಿಯ ಹೊಸ್ತಿಲಲ್ಲೇ ಉಳಿದಳು. ವಿಚಾರಣೆಯ ದಿನ ಇನ್ನೂ ಗೊತ್ತಾಗಿರಲಿಲ್ಲ.